ಗೇಮ್ ಫ್ರೀ, ಹಾಗಾದರೆ ದುಡ್ಡು ಯಾರದು?

(ಶಾಲೆಯೊಂದರ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ, ಮಕ್ಕಳಿಗೆ ಯಾವ ವಿಡಿಯೋ ಗೇಮ್ ಒಳ್ಳೆಯದು ಅಂತ. ಕೆಲವರು ಆಗಲೇ ಪೆನ್ನು ತೆಗೆದುಕೊಂಡು ಕೂತಿದ್ದೀರಿ. ಹೆಸರು ಹೇಳಿ, ಬರೆದುಕೊಂಡು ಹೋಗುತ್ತೇವೆ ಅನ್ನುವ ಹಾಗಿದೆ. ಹೆಸರು ಹೇಳುತ್ತೇನೆ. ಆದರೆ ಇಂಥ ಪಟ್ಟಿ ಬೇಗ ಹಳೆಯದಾಗುತ್ತದೆ. ನಾಳೆಯೇ ನಿಮ್ಮ ಮಗಳು ನಾನು ಕೇಳಿಯೇ ಇರದ ಒಂದು ಗೇಮ್ ತೋರಿಸಿ "ಅಮ್ಮಾ, ಇದು ಹಾಕ್ಕೊಳ್ಲಾ?" ಅಂತ ಕೇಳುತ್ತಾಳೆ. ಆಗ ಏನು ನೋಡಬೇಕು ಅನ್ನುವುದನ್ನೇ ಇವತ್ತು ಜಾಸ್ತಿ ಮಾತಾಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಗೇಮ್ ಆಡುವವನು. ಮನೆಯಲ್ಲಿ ಮಕ್ಕಳ ಜೊತೆ ಕೂತು ಆಡುತ್ತೇನೆ, ಸೋಲುತ್ತೇನೆ. ಮೊಬೈಲ್ ಕಿತ್ತುಕೊಳ್ಳಿ ಅನ್ನುವ ಭಾಷಣ ಕೇಳಲು ಬಂದವರು ಈಗಲೇ ಕಾಫಿಗೆ ಹೋಗಬಹುದು.

ಪೋಷಕರು ಮೊದಲು ಕೇಳುವುದು ಸಾಮಾನ್ಯವಾಗಿ ಇದನ್ನೇ: "ಅದರಲ್ಲಿ ಹೊಡೆದಾಟ ಇದೆಯಾ?" ಕೇಳಬೇಕಾದ ಪ್ರಶ್ನೆಯೇ. ಆದರೆ ನಾನಾದರೆ ಅದನ್ನು ಸ್ವಲ್ಪ ತಡವಾಗಿ ಕೇಳುತ್ತೇನೆ. ನಾನು ಮೊದಲು ನೋಡುವುದು, ಈ ಗೇಮ್ ಮಾಡಿದವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ. ಆಮೇಲೆ, ಇದರೊಳಗೆ ನನ್ನ ಮಗುವಿಗೆ ಯಾರು ಸಿಗುತ್ತಾರೆ ಅಂತ. ಆಮೇಲೆ, ಇದನ್ನು ನಿಲ್ಲಿಸುವುದು ಹೇಗೆ ಅಂತ. ಬಂದೂಕು, ಕತ್ತಿ ಎಲ್ಲ ಇದಾದ ಮೇಲೆ.

"ವಯಸ್ಸು ಬರೆದಿರುತ್ತಾರಲ್ಲ, ಅದನ್ನು ನೋಡಿದರೆ ಸಾಲದಾ?" ಅಂತ ನೀವು ಕೇಳಬಹುದು. ಪ್ಲೇ ಸ್ಟೋರ್‌ನಲ್ಲಿ ಗೇಮ್ ಹೆಸರಿನ ಕೆಳಗೆ 3+, 7+, 12+, 16+, 18+ ಅಂತ ಇರುತ್ತದೆ. ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಕತೆ ಇದೆ. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ 'ಮಾರ್ಟಲ್ ಕಾಂಬ್ಯಾಟ್' ಥರದ ಗೇಮ್‌ಗಳ ಬಗ್ಗೆ ದೊಡ್ಡ ವಿಚಾರಣೆ ನಡೆಯಿತು. ಗೆದ್ದವನು ಸೋತವನ ಬೆನ್ನುಮೂಳೆ ಕಿತ್ತು ಹಿಡಿಯುವ ಗೇಮ್ ಅದು. ಸರ್ಕಾರ ಕೈ ಹಾಕುವ ಮೊದಲು ನಾವೇ ಏನಾದರೂ ಮಾಡೋಣ ಅಂತ ಗೇಮ್ ಕಂಪನಿಗಳು 1994ರಲ್ಲಿ ಇಎಸ್‌ಆರ್‌ಬಿ ಅನ್ನುವ, ಯಾವ ಗೇಮ್ ಯಾವ ವಯಸ್ಸಿಗೆ ಅಂತ ಗೊತ್ತುಮಾಡುವ ಸಂಸ್ಥೆ ಕಟ್ಟಿದವು. ಯುರೋಪಿನಲ್ಲಿ 2003ರಲ್ಲಿ ಅಂಥದ್ದೇ ಪೆಗಿ ಬಂತು. ಮೊಬೈಲ್ ಬಂದ ಮೇಲೆ ಗೇಮ್‌ಗಳು ಲಕ್ಷಗಟ್ಟಲೆ ಆದವು. ಅಷ್ಟನ್ನೂ ಯಾರು ಕೂತು ನೋಡುತ್ತಾರೆ? ಹಾಗಾಗಿ ಈಗ ಪ್ಲೇ ಸ್ಟೋರ್‌ಗೆ ಗೇಮ್ ಹಾಕುವವರೇ ಒಂದು ಪ್ರಶ್ನಾವಳಿ ತುಂಬುತ್ತಾರೆ. ರಕ್ತ ಇದೆಯಾ, ಬೈಗುಳ ಇದೆಯಾ, ಜೂಜು ಇದೆಯಾ ಅಂತ. ಉತ್ತರದ ಮೇಲೆ ಕಂಪ್ಯೂಟರ್ ಒಂದು ಸಂಖ್ಯೆ ಕೊಡುತ್ತದೆ. ಸಿನಿಮಾಕ್ಕೆ ಯು, ಎ ಅಂತ ಸರ್ಟಿಫಿಕೇಟ್ ಕೊಡುವ ಹಾಗೆ ಗೇಮ್‌ಗೆ ಕೊಡುವ ಮಂಡಳಿ ನಮ್ಮ ದೇಶದಲ್ಲಿ ಇಲ್ಲ.

ಆ ಸಂಖ್ಯೆ ಸುಳ್ಳು ಅನ್ನುತ್ತಿಲ್ಲ. 16+ ಅಂತ ಇದ್ದರೆ ಎಂಟು ವರ್ಷದವನಿಗೆ ಬೇಡ, ಅಷ್ಟೇ. ಆದರೆ 3+ ಅಂದರೆ ಒಳಗೆ ಕೆಟ್ಟ ದೃಶ್ಯ ಇಲ್ಲ ಅಂತ ಮಾತ್ರ. ಮೂರು ವರ್ಷದ ಮಗುವಿಗಾಗಿ ಮಾಡಿದ್ದು ಅಂತ ಅರ್ಥ ಅಲ್ಲ. ಚೆಸ್ ಆ್ಯಪ್ ಕೂಡ 3+ ಆಗಿರಬಹುದು, ಮೂರು ವರ್ಷದ ಮಗು ಕುದುರೆ ನಡೆಸುತ್ತಾ? ಅದೂ ಅಲ್ಲದೆ, ಗೇಮ್ ಮಗುವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ, ಎಷ್ಟು ಸಲ ಜಾಹೀರಾತು ತೋರಿಸುತ್ತದೆ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಒಂದು ಬಸ್ ಓಡಿಸುವ ಗೇಮ್ ಅಂತ ಇಟ್ಟುಕೊಳ್ಳಿ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಫ್ರೀ, 3+. ಆರು ವರ್ಷದ ಹುಡುಗ ಅಪ್ಪನ ಫೋನಿನಲ್ಲಿ ಹಾಕಿಕೊಳ್ಳುತ್ತಾನೆ. ಮೊದಲ ಬಸ್‌ಸ್ಟಾಪಿನವರೆಗೆ ಚೆನ್ನಾಗಿಯೇ ಇರುತ್ತದೆ. ಹಾರ್ನ್ ಹೊಡೆಯಬಹುದು, ಬಾಗಿಲು ತೆಗೆಯಬಹುದು, ಜನ ಹತ್ತುತ್ತಾರೆ. ಸ್ಟಾಪ್ ಮುಗಿಯಿತು, ಅರ್ಧ ನಿಮಿಷದ ಜಾಹೀರಾತು ಶುರು. ಮೂಲೆಯಲ್ಲಿ ಇಂಟು ಗುರುತು ತಡವಾಗಿ ಬರುತ್ತದೆ. ಎಳ್ಳಿನಷ್ಟು ಚಿಕ್ಕದು. ಮಗುವಿನ ಬೆರಳು ಪಕ್ಕದಲ್ಲಿ ಬೀಳುತ್ತದೆ, ಪ್ಲೇ ಸ್ಟೋರ್ ತೆರೆದುಕೊಂಡು ಇನ್ನೊಂದು ಗೇಮ್ ಕಾಣುತ್ತದೆ. ವಾಪಸ್ ಬಂದರೆ, "ನಾಣ್ಯ ಡಬಲ್ ಬೇಕಾ? ವಿಡಿಯೋ ನೋಡು." ಎರಡನೇ ಟ್ರಿಪ್ಪಿನ ನಡುವೆ ಡೀಸೆಲ್ ಖಾಲಿ. ಇಪ್ಪತ್ತು ನಿಮಿಷ ಕಾಯಬೇಕು, ಇಲ್ಲ ಜಾಹೀರಾತು ನೋಡಬೇಕು, ಇಲ್ಲ ವಜ್ರ ಕೊಡಬೇಕು. ವಜ್ರದ ಚೀಲಕ್ಕೆ ಇಷ್ಟು ರೂಪಾಯಿ, ಆಫರ್ ಇನ್ನು ಹದಿನಾಲ್ಕು ನಿಮಿಷ ಮಾತ್ರ ಅಂತ ಗಡಿಯಾರ ಓಡುತ್ತಿರುತ್ತದೆ. ಮುಚ್ಚಲು ಹೋದರೆ ಏಳು ಪೆಟ್ಟಿಗೆಗಳ ಸಾಲು. ದಿನಕ್ಕೊಂದು ತೆರೆಯಬೇಕು, ಏಳನೆಯದರಲ್ಲಿ ವೋಲ್ವೋ ಬಸ್. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ. ಮಾರನೆಯ ದಿನ ಬೆಳಿಗ್ಗೆ ಅಪ್ಪನ ಫೋನಿಗೆ ನೋಟಿಫಿಕೇಶನ್: "ನಿಮ್ಮ ಪ್ರಯಾಣಿಕರು ಕಾಯುತ್ತಿದ್ದಾರೆ!"

ಇದರಲ್ಲಿ ರಕ್ತ ಇಲ್ಲ, ಬೈಗುಳ ಇಲ್ಲ, ಬಂದೂಕು ಇಲ್ಲ. ಆದರೂ ನನಗೆ ಇದು ಅನೇಕ ಹೊಡೆದಾಟದ ಗೇಮ್‌ಗಳಿಗಿಂತ ಕೆಟ್ಟದ್ದು. ಅರ್ಧ ಗಂಟೆಯಲ್ಲಿ ಆ ಹುಡುಗ ಬಸ್ ಓಡಿಸಿದ್ದು ಎಷ್ಟು ಹೊತ್ತು, ಲೆಕ್ಕ ಹಾಕಿ ನೋಡಿ. ಉಳಿದ ಹೊತ್ತೆಲ್ಲ ಅವನು ಕಾದಿದ್ದು, ಜಾಹೀರಾತು ನೋಡಿದ್ದು, ಅಪ್ಪನ ಹತ್ತಿರ ವಜ್ರಕ್ಕೆ ಗೋಗರೆದದ್ದು.

ವಜ್ರ, ಜೆಮ್ಸ್, ರೋಬಕ್ಸ್, ವಿ-ಬಕ್ಸ್, ಯುಸಿ. ಯಾವ ಗೇಮಿಗೆ ಹೋದರೂ ಅದರದ್ದೇ ನಾಣ್ಯ. ಯಾಕೆ ನೇರವಾಗಿ ರೂಪಾಯಿ ಅನ್ನುವುದಿಲ್ಲ? ಒಂದು ಟೋಪಿಗೆ 400 ರೂಪಾಯಿ ಅಂದರೆ ಹತ್ತು ವರ್ಷದ ಹುಡುಗಿಯೂ "ಅಯ್ಯೋ ಜಾಸ್ತಿ" ಅನ್ನುತ್ತಾಳೆ. 400 ಜೆಮ್ಸ್ ಅಂದರೆ ಅನ್ನುವುದಿಲ್ಲ.

ಇದು ಚಿಲ್ಲರೆ ಕಂಪನಿಗಳ ಕೆಲಸ ಮಾತ್ರ ಅಂದುಕೊಳ್ಳಬೇಡಿ. 'ಫೋರ್ಟ್‌ನೈಟ್' ಮಾಡಿದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರಿನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಅದರಲ್ಲಿ 24.5 ಕೋಟಿ ಡಾಲರ್, ಬಟನ್‌ಗಳ ಜೋಡಣೆಯಿಂದ ಬೇಡದ ಖರೀದಿ ಮಾಡಿಸಿದರು ಅನ್ನುವ ಆರೋಪಕ್ಕೆ. ಮಲಗಿದ್ದ ಗೇಮನ್ನು ಎಬ್ಬಿಸಲು ಒತ್ತಿದರೂ, ಸುಮ್ನೆ ಒಂದು ವಸ್ತುವನ್ನು ನೋಡಲು ಹೋಗಿ ಪಕ್ಕದ ಬಟನ್ ಒತ್ತಿದರೂ ದುಡ್ಡು ಹೋಗುತ್ತಿತ್ತು ಅಂತ ಕಮಿಷನ್ ಹೇಳಿತು. ಉಳಿದ 27.5 ಕೋಟಿ ಮಕ್ಕಳ ಮಾಹಿತಿ ಮತ್ತು ಖಾಸಗಿತನದ ವಿಷಯಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ. ಇನ್ನು ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ಕೊಳ್ಳುವುದಿದೆಯಲ್ಲ, ಲೂಟ್ ಬಾಕ್ಸ್ ಅಂತಾರೆ, ಅದನ್ನು ಬೆಲ್ಜಿಯಂ 2018ರಲ್ಲೇ ಜೂಜು ಅಂತ ತೀರ್ಮಾನಿಸಿತು.

ಒಬ್ಬರು ಕೇಳಿದರು: "ನಮ್ಮಲ್ಲೂ ಕಾನೂನು ಬಂತಲ್ಲ ಸರ್, ಹೋದ ವರ್ಷ?" 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳ ಬಗ್ಗೆ. ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಅಂಥವು. ಬಸ್ ಗೇಮಿನ ವಜ್ರದ ಚೀಲವನ್ನು ತಡೆಯಲಿಕ್ಕೆ ಮಾಡಿದ ಕಾಯ್ದೆ ಅದಲ್ಲ. ಅಲ್ಲಿ ಕಾವಲು ನೀವೇ.

ಕಾವಲು ಅಂದರೆ ದೊಡ್ಡ ಕೆಲಸ ಏನಲ್ಲ. ಪ್ಲೇ ಸ್ಟೋರ್‌ನಲ್ಲಿ ಇನ್‌ಸ್ಟಾಲ್ ಒತ್ತುವ ಮೊದಲು ಎರಡು ಸಣ್ಣ ಸಾಲು ಓದಿ. ಜಾಹೀರಾತು ಇದೆ, ಆ್ಯಪ್ ಒಳಗೆ ಖರೀದಿ ಇದೆ ಅಂತ ಅಲ್ಲೇ ಬರೆದಿರುತ್ತಾರೆ. ಇನ್ನೂ ಕೆಳಗೆ, 'ಈ ಆ್ಯಪ್ ಬಗ್ಗೆ' ಅನ್ನುವುದನ್ನು ಒತ್ತಿ ಕೊನೆಯವರೆಗೆ ಹೋದರೆ, ಒಳಗೆ ಮಾರುವ ವಸ್ತುಗಳ ಬೆಲೆ ಎಷ್ಟರಿಂದ ಎಷ್ಟರವರೆಗೆ ಅಂತ ಇರುತ್ತದೆ. ಮೊದಲ ಸಂಖ್ಯೆ ಬಿಡಿ, ಎರಡನೆಯದನ್ನು ನೋಡಿ. ಮಕ್ಕಳ ಗೇಮ್ ಅಂತ ಹೇಳಿಕೊಂಡು ಒಂದೊಂದು ವಸ್ತುವಿಗೆ ಸಾವಿರಗಟ್ಟಲೆ ಬೆಲೆ ಇಟ್ಟಿದ್ದರೆ, ಅವರು ಯಾರಿಗೋಸ್ಕರ ಅಂಗಡಿ ತೆರೆದಿದ್ದಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಐದು ಸ್ಟಾರ್ ವಿಮರ್ಶೆ ಬಿಟ್ಟು ಎರಡು ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಓದಿ. ಆಟ ಇಷ್ಟಪಟ್ಟು, ಬೇಸತ್ತು ಬರೆದವರು ಅಲ್ಲಿರುತ್ತಾರೆ.

ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಯುಪಿಐ ಪಿನ್ ಮಕ್ಕಳ ಎದುರು ಒತ್ತಬೇಡಿ. ನಾವು ಮರೆತರೂ ಅವರು ಮರೆಯುವುದಿಲ್ಲ.

ನನ್ನ ಇಷ್ಟದ ಪರೀಕ್ಷೆ ಇನ್ನೊಂದಿದೆ. ಗೇಮ್ ಹಾಕಿದ ಮೇಲೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಆಮೇಲೆ ಗೇಮ್ ತೆರೆಯಿರಿ. ಚೆನ್ನಾಗಿ ನಡೆಯುತ್ತಾ? ಹಾಗಾದರೆ ಬಹುಪಾಲು ತಲೆನೋವು ಅಲ್ಲೇ ಹೋಯಿತು. ಹೊಸ ಜಾಹೀರಾತು ಬರುವುದಿಲ್ಲ, ಅಪರಿಚಿತರು ಸಿಗುವುದಿಲ್ಲ, ಖರೀದಿ ನಡೆಯುವುದಿಲ್ಲ. ಒಬ್ಬನೇ ಆಡುವ ಒಗಟಿನ ಗೇಮ್ ಕೂಡ ಇಂಟರ್ನೆಟ್ ಇಲ್ಲದೆ ತೆರೆಯುವುದೇ ಇಲ್ಲ ಅಂದರೆ, ಯಾಕೆ ಅಂತ ಒಂದು ಸಲ ಯೋಚಿಸಿ. ಏಳೆಂಟು ವರ್ಷದ ಒಳಗಿನ ಮಕ್ಕಳಿಗೆ ನಾನು ಫ್ಲೈಟ್ ಮೋಡ್‌ನಲ್ಲಿ ನಡೆಯುವ ಗೇಮ್‌ಗಳನ್ನೇ ಕೊಡಿ ಅನ್ನುತ್ತೇನೆ.

ಈಗ ಹೆಸರು ಬರೆದುಕೊಳ್ಳಿ. ಚಿಕ್ಕ ಮಕ್ಕಳಿಗೆ 'ಜಿಕಾಂಪ್ರಿ'. ಕಂಪ್ಯೂಟರಿಗೂ ಸಿಗುತ್ತದೆ, ಫೋನಿಗೂ ಸಿಗುತ್ತದೆ. ನೂರಕ್ಕೂ ಹೆಚ್ಚು ಪುಟ್ಟ ಆಟಗಳು, ಜಾಹೀರಾತು ಇಲ್ಲ, ಖರೀದಿ ಇಲ್ಲ, ಸ್ವಯಂಸೇವಕರು ಸೇರಿ ಮಾಡಿದ್ದು. ನೋಡಲು ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತದೆ, ಮಕ್ಕಳಿಗೆ ಅದರ ಚಿಂತೆ ಇಲ್ಲ. ಚೆಸ್ ಕಲಿಯುವ ಮಗು ಇದ್ದರೆ 'ಲಿಚೆಸ್'. ಜನರ ದೇಣಿಗೆಯಿಂದ ನಡೆಯುತ್ತದೆ, ಪೂರ್ತಿ ಉಚಿತ. ತಾನೇ ಗೇಮ್ ಮಾಡಬೇಕು ಅನ್ನುವ ಎಂಟು ಹತ್ತು ವರ್ಷದವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸ್ಕ್ರಾಚ್'. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿ ಬೆಕ್ಕನ್ನು ಕುಣಿಸಬಹುದು. ದುಡ್ಡು ಕೊಟ್ಟು ಕೊಳ್ಳುವುದಾದರೆ 'ಮಾನ್ಯುಮೆಂಟ್ ವ್ಯಾಲಿ'. ಇಲ್ಲದ ಮೆಟ್ಟಿಲನ್ನು ತಿರುಗಿಸಿ ದಾರಿ ಮಾಡಿಕೊಡುವ ಆಟ. ಒಂದೆರಡು ಸಂಜೆಯಲ್ಲಿ ಮುಗಿದೇ ಹೋಗುತ್ತದೆ. ಮುಗಿಯುವುದೇ ಅದರ ಒಳ್ಳೆಯ ಗುಣ. ಸ್ವಲ್ಪ ದೊಡ್ಡವರಿಗೆ 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬರೋನ್ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಗೇಮ್. ಹೊಲ ಉಳಬೇಕು, ನೀರು ಹಾಯಿಸಬೇಕು, ಊರಿನವರ ಜೊತೆ ಸ್ನೇಹ ಮಾಡಬೇಕು. ಒಂದು ಸಲ ಕೊಂಡರೆ ಆಯಿತು, ಒಳಗೆ ಮತ್ತೆ ಅಂಗಡಿ ಇಲ್ಲ. ಆದರೆ ಆ ಊರಲ್ಲಿ ಒಂದು ಬಾರ್ ಇದೆ, ಮುಂದೆ ಹೋದರೆ ಒಂದು ಕ್ಯಾಸಿನೋ ಕೂಡ ಸಿಗುತ್ತದೆ. ಹೇಳಲಿಲ್ಲ ಅನ್ನಬೇಡಿ.

"ಕೊಂಡುಕೊಳ್ಳಬೇಕಾ? ಫ್ರೀ ಇರುವಾಗ?" ಅಂತ ಹಿಂದಿನ ಸಾಲಿನಿಂದ ಒಬ್ಬರು. ಹೌದು, ನಾನು ಕೊಳ್ಳಿ ಅನ್ನುವವನೇ. ಅಂಗಿಗೆ, ಪಿಜ್ಜಾಕ್ಕೆ ಕೊಡುತ್ತೇವೆ. ಗೇಮಿಗೆ ದುಡ್ಡು ಕೊಡುವುದು ಮಾತ್ರ ನಮಗೆ ದಂಡ ಅನ್ನಿಸುತ್ತದೆ. ದುಡ್ಡು ಕೊಟ್ಟು ಕೊಂಡ ಗೇಮ್ ನಿಮ್ಮ ಮಗುವನ್ನು ಜಾಹೀರಾತಿನವರಿಗೆ ಮಾರಬೇಕಾಗಿಲ್ಲ. ಕೊಂಡಿದ್ದರೂ ಒಳಗೆ ಅಂಗಡಿ ಇಟ್ಟಿರುವ ಗೇಮ್‌ಗಳೂ ಇವೆ, ಅದನ್ನೂ ನೋಡಿಕೊಳ್ಳಿ.

ಇನ್ನು ಒಳಗೆ ಯಾರು ಸಿಗುತ್ತಾರೆ ಅನ್ನುವುದು. 'ರೋಬ್ಲಾಕ್ಸ್' ಹೆಸರು ಎಷ್ಟು ಜನ ಕೇಳಿದ್ದೀರಿ? ತುಂಬಾ ಕೈ ಏಳುತ್ತಿವೆ. ಅದು ಒಂದು ಗೇಮ್ ಅಲ್ಲ. 2006ರಲ್ಲಿ ಶುರುವಾದ ಒಂದು ದೊಡ್ಡ ಮೈದಾನ, ಅದರಲ್ಲಿ ಬಳಕೆದಾರರೇ ಮಾಡಿ ಹಾಕಿದ ಲಕ್ಷಾಂತರ ಗೇಮ್‌ಗಳು. ಹಾಗಾಗಿ "ರೋಬ್ಲಾಕ್ಸ್ ಪರವಾಗಿಲ್ವಾ?" ಅಂತ ಕೇಳಿದರೆ ಉತ್ತರ ಇಲ್ಲ. ಅದರಲ್ಲಿ ಯಾವುದು, ಯಾರ ಜೊತೆ ಅಂತ ಕೇಳಬೇಕು. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಆ ಕಂಪನಿ ಮೇಲೆ ತುಂಬ ಟೀಕೆ ಬಂದಿದೆ. ಈಚೆಗೆ ಪೋಷಕರ ಕೈಗೆ ಜಾಸ್ತಿ ನಿಯಂತ್ರಣ ಕೊಟ್ಟಿದ್ದಾರೆ, ಚಾಟ್‌ಗೆ ವಯಸ್ಸಿನ ಪರೀಕ್ಷೆಯನ್ನೂ ತಂದಿದ್ದಾರೆ. ಒಳ್ಳೆಯದೇ. ಆದರೆ ಮಗು ಖಾತೆ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಹಾಕಿದರೆ ಅರ್ಧ ನಿಯಂತ್ರಣ ಅಲ್ಲೇ ಹೋಗುತ್ತದೆ. ನಾವೇ ಎಷ್ಟೋ ಸಲ "ಹಾಕು ಬಿಡು 2000 ಅಂತ" ಅನ್ನುತ್ತೇವೆ, ಅಲ್ವಾ?

ಎಪಿಕ್ ವಿಷಯ ಆಮೇಲೆ ಹೇಳುತ್ತೇನೆ ಅಂದಿದ್ದೆ. ಅಲ್ಲಿ ಒಂದು ಆಕ್ಷೇಪ ಏನಿತ್ತು ಅಂದರೆ, ಮಕ್ಕಳಿಗೂ ಧ್ವನಿ ಮತ್ತು ಬರಹದ ಚಾಟ್ ಮೊದಲಿನಿಂದಲೇ ಆನ್ ಆಗಿತ್ತು. ಆಫ್ ಮಾಡಬೇಕಾದವರು ಹುಡುಕಿಕೊಂಡು ಹೋಗಿ ಆಫ್ ಮಾಡಬೇಕಿತ್ತು. ಇದನ್ನು ಎಲ್ಲ ಗೇಮಿನಲ್ಲೂ ನೆನಪಿಡಿ. ಹೊಸ ಗೇಮ್ ಹಾಕಿದ ಕೂಡಲೇ ಸೆಟ್ಟಿಂಗ್‌ಗೆ ಹೋಗಿ ಮೈಕ್ ಯಾವ ಸ್ಥಿತಿಯಲ್ಲಿದೆ ನೋಡಿ.

ಹೆಡ್‌ಫೋನ್ ವಿಷಯ ಒಂದು ಹೇಳಲೇಬೇಕು. ಬಿಜಿಎಂಐ, ಅಂದರೆ ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆನ್‌ಲೈನ್ ಗೇಮ್, ಆಡುವ ಹುಡುಗನ ಕೋಣೆಯಿಂದ ನಿಮಗೆ ಕೇಳುವುದು ಅವನ ಮಾತು ಮಾತ್ರ. "ಬ್ರೋ, ಕವರ್ ಕೊಡು" ಅಂತ. ಆ ಕಡೆಯ ಬ್ರೋ ಯಾರು, ಎಷ್ಟು ವಯಸ್ಸು, ಏನು ಬೈಯುತ್ತಿದ್ದಾನೆ, ನಿಮಗೆ ಕೇಳುವುದಿಲ್ಲ. ನಮ್ಮ ಮನೆಯ ನಿಯಮ ಸರಳ. ಅಪರಿಚಿತರ ಜೊತೆಗಿನ ಗೇಮ್ ಹಾಲ್‌ನಲ್ಲಿ, ಸ್ಪೀಕರ್‌ನಲ್ಲಿ. ಹೆಡ್‌ಫೋನ್ ಬೇಕಾದರೆ ಗೊತ್ತಿರುವ ಸ್ನೇಹಿತರ ಜೊತೆ ಮಾತ್ರ. ಸ್ಪೀಕರ್‌ನಲ್ಲಿ ಆಡು ಅಂದ ವಾರದೊಳಗೆ ಕೆಲವು 'ಬ್ರೋ'ಗಳು ತಾವೇ ಕಮ್ಮಿಯಾಗುತ್ತಾರೆ.

ಮೂರನೆಯದು ನಿಲ್ಲಿಸುವುದು. ಮನೆಮನೆಯ ಜಗಳ ಇದು. "ಊಟಕ್ಕೆ ಬಾ." "ಐದು ನಿಮಿಷ ಅಮ್ಮಾ." ಇಪ್ಪತ್ತು ನಿಮಿಷ ಆದರೂ ಬರುವುದಿಲ್ಲ, ಕೊನೆಗೆ ಫೋನ್ ಕಿತ್ತುಕೊಳ್ಳುತ್ತೀರಿ, ಅವನು ಅಳುತ್ತಾನೆ. ಮಗುವಿನ ಕಡೆಯಿಂದ ನೋಡಿ. ಬಿಜಿಎಂಐಯ ದೊಡ್ಡ ಮ್ಯಾಪಿನಲ್ಲಿ ಒಂದು ಮ್ಯಾಚ್ ಅರ್ಧ ಗಂಟೆಯವರೆಗೂ ಹೋಗುತ್ತದೆ. ನಡುವೆ ನಿಲ್ಲಿಸಿಡುವ ಬಟನ್ ಇಲ್ಲ. ಬಿಟ್ಟು ಎದ್ದರೆ ಜೊತೆಗಿದ್ದ ಮೂವರಿಗೆ ಮೋಸ. 'ಬ್ರಾಲ್ ಸ್ಟಾರ್ಸ್' ಆದರೆ ಮೂರು ನಿಮಿಷದ ಆಸುಪಾಸು. 'ಮೈನ್‌ಕ್ರಾಫ್ಟ್' ಒಬ್ಬನೇ ಆಡುವಾಗ ಯಾವಾಗ ಬೇಕಾದರೂ ನಿಲ್ಲಿಸಬಹುದು, ಕಟ್ಟಿದ ಮನೆ ಹಾಗೇ ಇರುತ್ತದೆ. ಹಾಗಾಗಿ ಊಟಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಉದ್ದದ ಮ್ಯಾಚ್ ಶುರು ಮಾಡಲು ಬಿಡಬಾರದು. "ಐದು ನಿಮಿಷ" ಅನ್ನುವ ಬದಲು "ಈ ಮ್ಯಾಚ್ ಆದ ಮೇಲೆ ಇನ್ನೊಂದು ಇಲ್ಲ" ಅನ್ನಿ. ಅದು ಅವರಿಗೆ ಅರ್ಥವಾಗುವ ಗಡಿಯಾರ. ಇದನ್ನು ಹೇಳಬೇಕಾದರೆ ಆ ಗೇಮ್ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿರಬೇಕು. ಅದಕ್ಕೆ ಒಂದು ಸಲವಾದರೂ ಜೊತೆಗೆ ಕೂತು ಆಡಿ, ಇಲ್ಲ ಕನಿಷ್ಠ ನೋಡಿ.

ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುವುದು: ಎರಡು ವರ್ಷದೊಳಗೆ ಸ್ಕ್ರೀನೇ ಬೇಡ, ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ಟಿವಿ, ಯೂಟ್ಯೂಬ್ ಎಲ್ಲ ಸೇರಿ. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9 ಮಾತ್ರ ಆನ್‌ಲೈನ್ ಗೇಮ್ ಅಂತ ನಿಯಮ ಮಾಡಿತು. ಅಂಥದ್ದು ಇಲ್ಲಿ ಬೇಕು ಅನ್ನುವವರಿದ್ದಾರೆ. ನನಗೆ ಬೇಡ. ಅಜ್ಜಿಯ ಆಧಾರ್ ನಂಬರ್ ಹಾಕಿ ಆಡುವುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಾಸ್ತಿ ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ ನಿಜ. ಆದರೆ ಹಿಡಿತ ತಪ್ಪಿ, ಓದು, ಊಟ, ನಿದ್ದೆ, ಸ್ನೇಹ ಎಲ್ಲ ಕೆಟ್ಟು, ಅದು ಸಾಮಾನ್ಯವಾಗಿ ಒಂದು ವರ್ಷ ಹಾಗೇ ನಡೆದರೆ ಮಾತ್ರ ಆ ಹೆಸರು. ಅಂಥ ಸ್ಥಿತಿ ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಗೇಮ್, ಮೊಬೈಲ್ ಗೀಳಿಗಾಗಿಯೇ ಇರುವ ಚಿಕಿತ್ಸೆ. ಹೋಗಲು ಸಂಕೋಚ ಬೇಡ.

ಮುಂದಿನ ಸಾಲಿನ ಅಜ್ಜ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. "ಎಲ್ಲ ಹೇಳಿದ್ರಿ. ನನ್ನ ಮೊಮ್ಮಗ ಗನ್ ಹಿಡ್ಕೊಂಡು ಡಿಶುಂ ಡಿಶುಂ ಅಂತಾನಲ್ಲ, ಅದಕ್ಕೇನು?" ಸರಿ ಯಜಮಾನರೇ. ಬಂದೂಕು ಇದೆ ಅಂದ ಮಾತ್ರಕ್ಕೆ ನಾನು ಬೇಡ ಅನ್ನುವುದಿಲ್ಲ. ಬಣ್ಣದ ಶಾಯಿ ಎರಚುವ 'ಸ್ಪ್ಲಾಟೂನ್' ಕೂಡ ಬಂದೂಕಿನ ಗೇಮೇ. ಸತ್ತವನು ಮನುಷ್ಯನ ಹಾಗೆ ಕಾಣುತ್ತಾನಾ, ನರಳುತ್ತಾನಾ, ಕೊಂದಿದ್ದಕ್ಕೆ ಗೇಮ್ ಚಪ್ಪಾಳೆ ಹೊಡೆಯುತ್ತಾ ಅನ್ನುವುದು ನೋಡಿ. ಚಿಕ್ಕವರಿಗೆ ಬಂದೂಕಿಗಿಂತ ನನಗೆ ಹೆದರಿಕೆ ಹಾರರ್ ಗೇಮ್‌ಗಳದ್ದು. ನೀಲಿ ಕೂದಲು, ಉದ್ದ ಕೈ, ಬಾಯಿ ತುಂಬ ಹಲ್ಲಿರುವ ಗೊಂಬೆ ನೋಡಿದ್ದೀರಾ? ಹಗ್ಗಿ ವಗ್ಗಿ. ಎಷ್ಟೋ ಮನೆಗೆ ಆಟಿಕೆಯಾಗಿ ಬಂದಿದೆ. ಅದು 2021ರ 'ಪಾಪಿ ಪ್ಲೇಟೈಮ್' ಅನ್ನುವ ಹಾರರ್ ಗೇಮಿನ ಭೂತ. ಗೊಂಬೆ ಮುದ್ದಾಗಿದೆ ಅಂತ ಐದು ವರ್ಷದವಳಿಗೆ ಗೇಮ್ ಹಾಕಿಕೊಟ್ಟರೆ ರಾತ್ರಿ ನಿಮಗೇ ನಿದ್ದೆ ಇಲ್ಲ.

ಅಂದ ಹಾಗೆ ಅಜ್ಜ ಅಜ್ಜಿಯರಿಗೂ ಕೆಲಸ ಇದೆ. 'ಲೂಡೋ ಕಿಂಗ್' ಇಂಟರ್ನೆಟ್ ಇಲ್ಲದೆ, ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ನಾಲ್ವರು ಆಡಬಹುದು. ಚೌಕಾಬಾರ ಆಡಿ ಬೆಳೆದವರಿಗೆ ಲೂಡೋ ಹೇಳಿಕೊಡಬೇಕಾ? ಮೊಮ್ಮಗನ ಕಾಯಿ ಹೊಡೆದು ಮನೆಗೆ ಕಳಿಸಿ, ಅವನು ಸೋಲುವುದನ್ನು ಕಲಿಯಲಿ.

ಕೊನೆಗೆ ಒಬ್ಬ ತಾಯಿ ಕೇಳಿದ್ದು: "ನಾವು ಬೇಡ ಅಂದ್ರೂ ಅವನ ಕ್ಲಾಸಿನವರೆಲ್ಲ ಆಡ್ತಾರೆ. ಇವನೊಬ್ಬನೇ ಬೇರೆ ಆಗಿಬಿಡ್ತಾನೆ. ಏನ್ ಮಾಡೋದು?" ನಿಜ, ಇದು ಕಷ್ಟದ ಪ್ರಶ್ನೆ. 'ಎಲ್ಲರೂ' ಅಂದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಹುಡುಗರು. ಆ ಮೂರು ಮನೆಯವರು ಬಹುಶಃ ಈ ಹಾಲ್‌ನಲ್ಲೇ ಇದ್ದಾರೆ. ಅವರಿಗೂ ಅವರ ಮಗ ನಿಮ್ಮ ಮಗನ ಹೆಸರು ಹೇಳಿಯೇ ಒಪ್ಪಿಸಿರುತ್ತಾನೆ. ಕಾಫಿ ಕುಡಿಯುವಾಗ ಹೋಗಿ ಮಾತಾಡಿ. ನಾಲ್ಕು ಮನೆಗೂ ಒಂದೇ ಗೇಮ್, ಒಂದೇ ಸಮಯ ಅಂತ ಮಾಡಿಕೊಳ್ಳಿ. ಭಾನುವಾರ ಒಬ್ಬರ ಮನೆಯಲ್ಲಿ, ಒಂದೇ ವೈಫೈಯಲ್ಲಿ, ನಾಲ್ಕೂ ಮಕ್ಕಳು ಒಂದೇ ಮೈನ್‌ಕ್ರಾಫ್ಟ್ ಲೋಕದಲ್ಲಿ ಆಡಬಹುದು. ಹೊರಗಿನವರು ಯಾರೂ ಬರದ ಹಾಗೆ ಸೆಟ್ಟಿಂಗ್ ಇದೆ. ಹೇಗೆ ಅಂತ ಗೊತ್ತಾಗದಿದ್ದರೆ ನಾನು ಇಲ್ಲೇ ಇರುತ್ತೇನೆ, ಫೋನ್ ತನ್ನಿ, ತೋರಿಸುತ್ತೇನೆ.